ಆಟ ಎಲ್ಲೋ, ಬೆರಳು ಇಲ್ಲಿ

ಈ ವಾರ ರಾತ್ರಿ ಊಟ ಆದಮೇಲೆ ಕ್ಲೌಡ್ ಗೇಮಿಂಗ್ ಪ್ರಯೋಗ. ಅಂದರೆ ಆಟ ಓಡುವುದು ಎಲ್ಲೋ ದೂರದ ಕಂಪ್ಯೂಟರ್‌ನಲ್ಲಿ, ಅದರ ಚಿತ್ರ ಇಂಟರ್ನೆಟ್ ಮೂಲಕ ನಮ್ಮ ಪರದೆಗೆ ಬರುತ್ತದೆ. ಹಳೇ ಲ್ಯಾಪ್‌ಟಾಪ್‌ನಲ್ಲಿ ಅಷ್ಟು ದೊಡ್ಡ ಆಟ ಓಡಿದ್ದು ನೋಡಿ ತುಂಬಾ ಖುಷಿಯಾಯಿತು! ಮೈಕ್ರೋಸಾಫ್ಟ್‌ನ ಎಕ್ಸ್‌ಬಾಕ್ಸ್ ಸೇವೆ ಗೇಮ್ ಪಾಸ್ ಚಂದಾ ಜೊತೆ ಬರುತ್ತದೆ, ಆಡಲು ಆಟಗಳೂ ಅದರಲ್ಲೇ ಸಿಗುತ್ತವೆ. ಎನ್ವಿಡಿಯಾ ಕಂಪನಿಯ ಜಿಫೋರ್ಸ್ ನೌ ಬೇರೆ ಥರ. ಸ್ಟೀಮ್‌ನಂಥ ಆನ್‌ಲೈನ್ ಆಟದ ಅಂಗಡಿಯಲ್ಲಿ ನಾವು ಮೊದಲೇ ಕೊಂಡ ಆಟವನ್ನು ಅವರ ಕಂಪ್ಯೂಟರ್‌ನಲ್ಲಿ ಓಡಿಸಿ ತೋರಿಸುತ್ತದೆ. ಎಲ್ಲ ಆಟಗಳೂ ಇಲ್ಲ, ಆದರೂ ನನಗೆ ಇದೇ ಜಾಸ್ತಿ ಹಿಡಿಸಿತು. ಚಂದಾ ಬಿಟ್ಟರೂ ಆಟ ನಮ್ಮ ಖಾತೆಯಲ್ಲೇ ಇರುತ್ತದೆ ಅಲ್ವಾ.

ಮನೆಯ ವೈಫೈಯಲ್ಲಿ ಬಟನ್ ಒತ್ತಿದರೆ ಆಟದ ಪಾತ್ರ ಜಿಗಿಯುವುದು ತಡವಾಗುತ್ತಿತ್ತು. ರೂಟರ್‌ನಿಂದ ಕೇಬಲ್ ಎಳೆದೆ, ಸರಿಹೋಯಿತು.

ಆಡುತ್ತಾ ಗೂಗಲ್‌ನ ಇಂಥದೇ ಸೇವೆ ಸ್ಟೇಡಿಯಾ ನೆನಪಾಯಿತು. 2019ರಲ್ಲಿ ಶುರುವಾಗಿ 2023ರ ಜನವರಿ 18ಕ್ಕೆ ಮುಚ್ಚಿತು. ಆಟ ಕೊಂಡವರಿಗೆ ಗೂಗಲ್ ದುಡ್ಡು ವಾಪಸ್ ಕೊಟ್ಟಿತು, ಒಳ್ಳೆಯದೇ. ಆದರೆ ಕೊನೆಯ ರಾತ್ರಿ ಅಲ್ಲಿ ಲಾಗಿನ್ ಆಗಿ ಸುಮ್ನೆ ಓಡಾಡಿದವರಿಗೆ ಹೇಗನಿಸಿತ್ತೋ.