ಮಳೆ ಲೆಕ್ಕದ ಆ್ಯಪ್, ಮೂರನೇ ಕಂತು: ಬೆಳಿಗ್ಗೆ ಏಳುವ, ಸಂಜೆ ಏಳದ ಎಮ್ಯುಲೇಟರ್

ಕೊನೆಗೂ ಸಿಕ್ಕಿತು! ಹನ್ನೊಂದು ದಿನ ನಿದ್ದೆ ಕೆಡಿಸಿದ್ದ ಎಮ್ಯುಲೇಟರಿನ (ಲ್ಯಾಪ್‌ಟಾಪಿನ ಪರದೆಯಲ್ಲೇ ಫೋನಿನಂತೆ ಓಡುವ ತಂತ್ರಾಂಶ) ಗಂಟು ಮೊನ್ನೆ ಶನಿವಾರ ದೊಡ್ಡಪ್ಪನ ಒಂದು ಗೊಣಗಾಟದಿಂದ ಬಿಚ್ಚಿಕೊಂಡಿತು. ಬಿಸಿ ಆರುವ ಮೊದಲು ಬರೆದಿಡುತ್ತಿದ್ದೇನೆ.

ಹಿಂದಿನ ಕಂತು ಓದದವರಿಗೆ ಎರಡೇ ಮಾತು. ಮೂಡಿಗೆರೆ ಹತ್ತಿರದ ನಮ್ಮ ತೋಟದಲ್ಲಿ ದೊಡ್ಡಪ್ಪ ದಿನಾ ಬೆಳಿಗ್ಗೆ ಮಳೆ ಅಳೆದು ಪುಸ್ತಕದಲ್ಲಿ ಬರೆಯುತ್ತಾರೆ. ಮಿಲಿಮೀಟರ್ ಅಲ್ಲ, ಇಂಚು ಮತ್ತು ಸೆಂಟ್. ನೂರು ಸೆಂಟಿಗೆ ಒಂದು ಇಂಚು. ಕಾಫಿ ಹೂ ಅರಳಿಸುವ ಹೂಮಳೆ ಯಾವತ್ತು ಬಂತು, ಎಷ್ಟು ಬಂತು, ಅದಾದ ಮೇಲೆ ಹೂ ಕಾಯಿಕಟ್ಟಲು ಬೇಕಾದ ಬ್ಯಾಕಿಂಗ್ ಮಳೆ ಎಷ್ಟು ದಿನಕ್ಕೆ ಸಿಕ್ಕಿತು ಎಂಬುದರ ಮೇಲೆ ಆ ವರ್ಷದ ಕಾಫಿ ಫಸಲು ನಿಂತಿರುವುದರಿಂದ ಆ ಪುಸ್ತಕಗಳು ನಮ್ಮ ಮನೆಯ ಆಸ್ತಿ. ಅವುಗಳಲ್ಲಿ ಎರಡಕ್ಕೆ ಗೆದ್ದಲು ಹತ್ತಿದ ದಿನವೇ ಆ ಲೆಕ್ಕವನ್ನು ಫೋನಿನಲ್ಲಿ ಇಡುವ ಈ ಆ್ಯಪ್ ಮಾಡಲೇಬೇಕು ಎಂದುಕೊಂಡೆ.

ಆ್ಯಪ್ ಕಟ್ಟುವ ಸಲಕರಣೆಗಳಾದ ಜೆಡಿಕೆ 17, ಆಂಡ್ರಾಯ್ಡ್ ಸ್ಟುಡಿಯೋ, ಎಸ್‌ಡಿಕೆ ಕೂರಿಸುವುದು ನಿಮಗೆಲ್ಲ ಗೊತ್ತಿರುವುದೇ, ಬಿಡುತ್ತೇನೆ. ಎಮ್ಯುಲೇಟರಿನೊಳಗೆ ಓಡುವ ಆಂಡ್ರಾಯ್ಡ್, ಅಂದರೆ ಒಂದೂವರೆ ಜಿಬಿಯ ಸಿಸ್ಟಮ್ ಇಮೇಜ್ ಮಾತ್ರ ಕಣದ ಮೂಲೆಯಲ್ಲೇ ಇಳಿಯಬೇಕಾಯಿತು, ನಮ್ಮಲ್ಲಿ ಸಿಗ್ನಲ್ ನಿಲ್ಲುವ ಜಾಗ ಅದೊಂದೇ. ನಿಜವಾದ ಫೋನಿನಲ್ಲೇ ಓಡಿಸೋಣ ಎಂದರೆ, ‘ಡೇಟಾ ಕೇಬಲ್ಲೇ ಸಾರ್’ ಎಂದು ಅಂಗಡಿಯವನು ಆಣೆ ಮಾಡಿ ಕೊಟ್ಟ ಕೇಬಲ್ಲಿನಲ್ಲಿ ಚಾರ್ಜ್ ಬಿಟ್ಟರೆ ಇನ್ನೇನೂ ಹರಿಯಲಿಲ್ಲ. ಆನ್‌ಲೈನಿನಲ್ಲಿ ತರಿಸಿದ ಲ್ಯಾಪ್‌ಟಾಪ್ ರ್‍ಯಾಮ್ ಬಿಚ್ಚಿ ನೋಡಿದರೆ ಡೆಸ್ಕ್‌ಟಾಪಿನದು, ಉದ್ದ ಹೆಚ್ಚುಕಡಿಮೆ ಎರಡರಷ್ಟು. ವಾಪಸ್ ಒಯ್ಯಲು ಕೊರಿಯರಿನವರು ತೋಟದ ಗೇಟಿನವರೆಗೆ ಬರುವುದಿಲ್ಲವಂತೆ! ಕಡೆಗೆ ಚಿಕ್ಕಮಗಳೂರಿನ ಐ.ಜಿ. ರೋಡಿಗೇ ಹೋಗಿ 8 ಜಿಬಿ ತಂದು ಒಟ್ಟು 16 ಮಾಡಿದೆ.

ಈಗ ಗಂಟಿಗೆ ಬರೋಣ.

ಬೆಳಿಗ್ಗೆ ಆರಕ್ಕೆ ಎಮ್ಯುಲೇಟರ್ ಒತ್ತಿದರೆ ಅರ್ಧ ನಿಮಿಷದಲ್ಲಿ ಎದ್ದು ನಿಲ್ಲುತ್ತದೆ. ಸಂಜೆ ಏಳಕ್ಕೆ ಒತ್ತಿದರೆ ಬಿದ್ದೇ ಹೋಗುತ್ತದೆ. ಸ್ಟುಡಿಯೋ ಹೇಳುವುದು ಒಂದೇ ಮಾತು: ಎಮ್ಯುಲೇಟರ್ ಪ್ರೊಸೆಸ್ ಟರ್ಮಿನೇಟ್ ಆಗಿದೆ. ಏಕೆ ಎಂದು ಹೇಳುವುದಿಲ್ಲ. ಬಯಾಸ್‌ನಲ್ಲಿ ವರ್ಚುವಲೈಸೇಶನ್ (ಒಂದು ಯಂತ್ರದೊಳಗೆ ಇನ್ನೊಂದನ್ನು ಓಡಿಸುವ ಸೌಲಭ್ಯ) ಆನ್ ಇತ್ತು. ಲಿನಕ್ಸಿನಲ್ಲಿ ಆ ಸೌಲಭ್ಯ ಬಳಸಿ ಒಳಯಂತ್ರ ಓಡಿಸುವ ಕೆವಿಎಂನ ಗುಂಪಿಗೆ ನನ್ನ ಹೆಸರು ಸೇರಿಸಿಯಾಗಿತ್ತು. ಇದನ್ನು ಪರೀಕ್ಷಿಸುವ ಆಕ್ಸೆಲ್-ಚೆಕ್ ಆಜ್ಞೆ ಕೊಟ್ಟರೆ ಬೆಳಿಗ್ಗೆಯೂ ಸಂಜೆಯೂ ‘ಕೆವಿಎಂ ಇದೆ, ಬಳಸಬಹುದು’ ಎಂದೇ ಉತ್ತರ.

ಸಂಜೆ ಪಂಪ್‌ಸೆಟ್‌ಗಳೆಲ್ಲ ಓಡುವ ಹೊತ್ತು, ವೋಲ್ಟೇಜ್ ಇಳಿದಿರಬೇಕು ಎಂದುಕೊಂಡೆ. ಪಕ್ಕದ ತೋಟದಿಂದ ಸ್ಟೆಬಿಲೈಸರ್ ಹೊತ್ತು ತಂದೆ. ಉಪಯೋಗವಾಗಲಿಲ್ಲ. ಇಡೀ ದಿನ ಓಡಿ ಕಾದಿದೆಯೇನೋ ಎಂದು ಫ್ಯಾನಿನ ಧೂಳು ತೆಗೆದು ಪೇಸ್ಟ್ ಬದಲಿಸಿದೆ. ಅದೂ ಅಲ್ಲ. ಕೋಲ್ಡ್ ಬೂಟ್ ಮಾಡಿದೆ, ಸ್ನ್ಯಾಪ್‌ಶಾಟ್ ಅಳಿಸಿದೆ, ಎವಿಡಿಯನ್ನೇ (ಎಮ್ಯುಲೇಟರಿನೊಳಗಿನ ನಕಲಿ ಫೋನು) ಹೊಸದಾಗಿ ಕಟ್ಟಿದೆ. ರೀಬೂಟ್ ಮಾಡಿದರೆ ಮಾತ್ರ ಸರಿ. ಇನ್ನೂ ಸಿಟ್ಟು ಬರಿಸಿದ್ದು ಭಾನುವಾರ. ಆವತ್ತು ಸಂಜೆ ಏಳಕ್ಕೇ ಚೆನ್ನಾಗಿ ಎದ್ದಿತು!

ಕಡೆಗೆ ಸ್ಟುಡಿಯೋ ಬಿಟ್ಟು ಟರ್ಮಿನಲ್‌ನಿಂದಲೇ ಎಬ್ಬಿಸಿದೆ. ಆಗ ಕಂಡಿತು ನಿಜವಾದ ಸಾಲು: ‘ಕೆವಿಎಂ ಕ್ರಿಯೇಟ್ ವಿಎಂ ಫೇಲ್ಡ್: 16 ಡಿವೈಸ್ ಆರ್ ರಿಸೋರ್ಸ್ ಬ್ಯುಸಿ.’ ಯಾರೋ ಹಿಡಿದುಕೊಂಡಿದ್ದಾರೆ ಎಂದರ್ಥ. ಯಾರು? ಸತ್ತ ಎಮ್ಯುಲೇಟರಿನ ಪ್ರೊಸೆಸ್ ಉಳಿದಿದೆಯೇ ಎಂದು ಹುಡುಕಿದೆ, ಒಂದೂ ಇಲ್ಲ.

ಶನಿವಾರ ಬೆಳಿಗ್ಗೆ ಬಟವಾಡೆ ಲೆಕ್ಕಕ್ಕೆ ದೊಡ್ಡಪ್ಪ ಲ್ಯಾಪ್‌ಟಾಪಿನ ಮುಂದೆ ಕೂತರು. ನನ್ನ ಎಮ್ಯುಲೇಟರ್ ತೆರೆದೇ ಇತ್ತು. ಒಳಗಿನಿಂದಲೇ ಕೂಗಿದರು.

‘ಎಂತದೋ ಇದು ಮಾರಾಯ, ನಿನ್ನ ಆ ಫೋನಿನ ಚಿತ್ರ ತೆರೆದಿಟ್ಟಾಗೆಲ್ಲ ನನ್ನ ಲೆಕ್ಕ ತೆರೆಯೋದೇ ಇಲ್ಲ.’

ಓಡಿ ಹೋಗಿ ನೋಡಿದೆ. ಪರದೆಯ ಮೇಲೆ ವರ್ಚುವಲ್‌ಬಾಕ್ಸಿನ (ಕಂಪ್ಯೂಟರಿನೊಳಗೆ ಇನ್ನೊಂದು ಕಂಪ್ಯೂಟರ್ ಓಡಿಸುವ ತಂತ್ರಾಂಶ) ದೂರು: ವಿಎಂಎಕ್ಸ್ ರೂಟ್ ಮೋಡ್. ವರ್ಚುವಲೈಸೇಶನ್ ಆಗಲೇ ಬೇರೆಯವರ ಕೈಯಲ್ಲಿದೆ ಎಂದರ್ಥ.

ನಮ್ಮ ಲೆಕ್ಕದ ಸಾಫ್ಟ್‌ವೇರ್ ವಿಂಡೋಸ್‌ನದು. ಎರಡು ವರ್ಷದ ಹಿಂದೆ ಉಬುಂಟು ಲಿನಕ್ಸಿಗೆ ಬಂದಾಗ ಅದಕ್ಕಾಗಿ ವರ್ಚುವಲ್‌ಬಾಕ್ಸಿನಲ್ಲಿ ವಿಂಡೋಸ್ ಕೂರಿಸಿಕೊಟ್ಟಿದ್ದೆ. ಆಳುಗಳು ಮನೆಗೆ ಹೋದ ಮೇಲೆ ದೊಡ್ಡಪ್ಪ ಅದರಲ್ಲಿ ಚೆಕ್‌ರೋಲ್ (ಆಳುಗಳ ಹಾಜರಿ ಪಟ್ಟಿ) ತುಂಬಿಸಿ, ಮುಚ್ಚದೆ ಎರಡನೇ ವರ್ಕ್‌ಸ್ಪೇಸಿನಲ್ಲಿ ಬಿಟ್ಟು ಏಳುತ್ತಾರೆ. ಭಾನುವಾರ ಆಳು ಬರುವುದಿಲ್ಲ, ಚೆಕ್‌ರೋಲೂ ಇಲ್ಲ.

ಪ್ರೊಸೆಸರಿನ ವಿಟಿ-ಎಕ್ಸ್ (ಅದೇ ವರ್ಚುವಲೈಸೇಶನ್ ಸೌಲಭ್ಯ) ಅನ್ನು ವರ್ಚುವಲ್‌ಬಾಕ್ಸ್ ಹಿಡಿದಿರುವಷ್ಟು ಹೊತ್ತು ಕೆವಿಎಂಗೆ ಸಿಗುವುದಿಲ್ಲ, ಕೆವಿಎಂ ಹಿಡಿದರೆ ವರ್ಚುವಲ್‌ಬಾಕ್ಸಿಗೆ ಸಿಗುವುದಿಲ್ಲ. ಮೊದಲು ಎದ್ದವರದ್ದೇ ಗದ್ದೆ. ಆಕ್ಸೆಲ್-ಚೆಕ್ ನೋಡುವುದು ಕೆವಿಎಂ ಬಾಗಿಲು ತೆರೆಯುತ್ತದೆಯೇ ಎಂದಷ್ಟೇ. ಒಳಗೆ ಯಂತ್ರ ಕಟ್ಟಲು ಆಗುತ್ತದೆಯೇ ಎಂದು ನೋಡುವುದಿಲ್ಲ. ನನ್ನದು ಲಿನಕ್ಸಿನ 6.8 ಕರ್ನಲ್ (ಅದರ ತಿರುಳು). 6.12ರಿಂದೀಚೆಗೆ ಕೆವಿಎಂ ಮಾಡ್ಯೂಲ್ ಲೋಡ್ ಆಗುವಾಗಲೇ ವಿಟಿ-ಎಕ್ಸ್ ಹಿಡಿದುಕೊಳ್ಳುತ್ತದೆ, ಅಲ್ಲಿ ಪೆಟ್ಟು ತಿನ್ನಬಹುದಾದದ್ದು ವರ್ಚುವಲ್‌ಬಾಕ್ಸ್. ಹೊಸ ಕರ್ನಲ್ ಹಾಕಿಕೊಂಡವರು ನೆನಪಿಡಿ.

ಪರಿಹಾರ ಒಂದೇ: ವಿಂಡೋಸನ್ನೂ ಕೆವಿಎಂ ಮನೆಗೆ ಕರೆತರುವುದು. ಒಂದೇ ಕೆವಿಎಂ ಕೆಳಗೆ ಎರಡು ಯಂತ್ರ ಜಗಳವಿಲ್ಲದೆ ಓಡುತ್ತವೆ. ಕ್ಯೂಎಂಯು-ಇಮೇಜ್‌ನಲ್ಲಿ ವಿಡಿಐಯನ್ನು (ವರ್ಚುವಲ್‌ಬಾಕ್ಸಿನ ಡಿಸ್ಕ್ ಫೈಲ್) ಕ್ಯೂಕೌ2ಗೆ (ಕೆವಿಎಂ ಕಡೆಯ ಡಿಸ್ಕ್ ಫೈಲ್) ಬದಲಿಸಿ, ಕೆವಿಎಂ ಯಂತ್ರಗಳನ್ನು ನೋಡಿಕೊಳ್ಳುವ ವರ್ಟ್-ಮ್ಯಾನೇಜರಿಗೆ ಕೊಟ್ಟೆ. ಡಿಸ್ಕಿನ ಜೋಡಣೆಗೆ ವರ್ಟಿಯೋ ಬಗೆ ಆರಿಸಿದ್ದಕ್ಕೆ ನೀಲಿ ಪರದೆ. ಸಾಟಾ ಎಂದು ಬದಲಿಸಿದೆ, ವಿಂಡೋಸ್ ಎದ್ದಿತು. ಲೆಕ್ಕ ತೆರೆದು ನೋಡಿದರೆ ಎದೆ ಧಸಕ್ಕೆಂದಿತು. ಗಣಪತಿ ಹಬ್ಬದಿಂದೀಚೆಗಿನ ಒಂದು ನಮೂದೂ ಇಲ್ಲ!

ಹಬ್ಬದ ಹಿಂದಿನ ದಿನ ನಾನೇ ವರ್ಚುವಲ್‌ಬಾಕ್ಸಿನಲ್ಲಿ ಒಂದು ಸ್ನ್ಯಾಪ್‌ಶಾಟ್ ತೆಗೆದಿದ್ದೆ. ಅಲ್ಲಿಂದ ಮುಂದೆ ಬರೆದದ್ದೆಲ್ಲ ಬೇರೆಯೇ ಒಂದು ಫೈಲಿಗೆ ಹೋಗುತ್ತದೆ, ಮೂಲ ವಿಡಿಐ ಆ ದಿನಕ್ಕೇ ನಿಂತಿರುತ್ತದೆ. ವಿಬಾಕ್ಸ್‌ಮ್ಯಾನೇಜ್‌ನ ಕ್ಲೋನ್‌ಮೀಡಿಯಂ ಆಜ್ಞೆಯಲ್ಲಿ ಈಗಿನ ಸ್ಥಿತಿಯದ್ದೇ ಒಂದು ಪ್ರತಿ ತೆಗೆದು, ಅದನ್ನು ಬದಲಿಸಬೇಕು. ಹಾಗೆ ಮಾಡಿದ ಮೇಲೆ ಶುಕ್ರವಾರದ ಚೆಕ್‌ರೋಲಿನವರೆಗೂ ಎಲ್ಲ ಬಂತು. ಹಳೆಯ ಡಿಸ್ಕನ್ನು ಇನ್ನೂ ಅಳಿಸಿಲ್ಲ, ನೀವೂ ಅಳಿಸಬೇಡಿ.

ವಿಂಡೋಸಿಗೆ 4 ಜಿಬಿ, ಎಮ್ಯುಲೇಟರಿಗೆ 2 ಜಿಬಿ ಕೊಟ್ಟಿದ್ದೇನೆ.

ಈ ನಡುವೆ ಕರೆಂಟ್ ಹೋದ ಒಂದು ರಾತ್ರಿ ಮುಂದಿನ ಕೆಲಸದ ಲೆಕ್ಕವನ್ನೂ ಹಾಕಿಟ್ಟೆ, ತಡೆಯಲಾರದೆ ಹೇಳುತ್ತೇನೆ. ತಾನಾಗಿ ಅಳೆಯುವ ಮಳೆಮಾಪಕ. ಎಂಟು ಇಂಚಿನ ಆಲಿಕೆ, ಕೆಳಗೆ ಏತದಂತೆ ಅತ್ತಿತ್ತ ವಾಲುವ ಜೋಡಿ ಬಟ್ಟಲು, ಅದಕ್ಕೊಂದು ಮ್ಯಾಗ್ನೆಟ್, ಮ್ಯಾಗ್ನೆಟ್ ಹತ್ತಿರ ಬಂದಾಗ ಮುಚ್ಚುವ ರೀಡ್ ಸ್ವಿಚ್, ಎಣಿಸಲು ಇಎಸ್‌ಪಿ32 ಎಂಬ ಪುಟ್ಟ ಕಂಪ್ಯೂಟರ್ ಚಿಪ್. ಬಟ್ಟಲು 8.24 ಮಿಲಿಲೀಟರಿಗೆ ಸರಿಯಾಗಿ ವಾಲಿದರೆ ಒಂದು ವಾಲಿಗೆ ಒಂದು ಸೆಂಟ್! ದೊಡ್ಡಪ್ಪನ ಅಳತೆ ಹಾಗೇ ಉಳಿಯುತ್ತದೆ. ತೋಟದಿಂದ ಮನೆಗೆ ಲೋರಾ (ದೂರಕ್ಕೆ ಹೋಗುವ ಕಡಿಮೆ ವಿದ್ಯುತ್ತಿನ ರೇಡಿಯೋ), ಲೈಸೆನ್ಸ್ ಬೇಡದ 865-867 ಮೆಗಾಹರ್ಟ್ಸ್‌ನಲ್ಲಿ. ಬಟ್ಟಲು ಯಾವುದರಲ್ಲಿ ಮಾಡುವುದು ಎಂಬುದೇ ಇನ್ನೂ ತೀರ್ಮಾನವಾಗಿಲ್ಲ. ತ್ರೀಡಿ ಪ್ರಿಂಟ್ ಮಾಡಿಸಿದವರಿದ್ದರೆ ಹೇಳಿ, ಪಾಚಿ ಕಟ್ಟುತ್ತದೆಯೇ?

ಇವತ್ತು ಸಂಜೆ ಏಳಕ್ಕೆ ದೊಡ್ಡಪ್ಪನನ್ನು ಪಕ್ಕದಲ್ಲೇ ಕೂರಿಸಿಕೊಂಡು, ಲೆಕ್ಕ ತೆರೆದಿರುವಾಗಲೇ ಎಮ್ಯುಲೇಟರ್ ಒತ್ತಿದೆ. ಎದ್ದಿತು. ಕನ್ನಡಕ ಏರಿಸಿ ನೋಡಿ, ಬೆಳಿಗ್ಗೆಯ ಮಳೆ 43 ಸೆಂಟ್ ಅನ್ನು ಅವರೇ ಒಂದೇ ಬೆರಳಿನಲ್ಲಿ ಒತ್ತಿದರು. ಸೇವ್ ಆಯಿತು. ಆಮೇಲೆ ಪರದೆಯನ್ನು ಮೇಲೆ ಕೆಳಗೆ ಸರಿಸುತ್ತಾ ಕೇಳಿದರು: ‘ಆಲಿಕಲ್ಲು ಬಿದ್ದ ದಿನ ಪಕ್ಕದಲ್ಲಿ ಬರೀತಿದ್ದೆನಲ್ಲ, ಅದನ್ನೆಲ್ಲಿ ಬರೆಯೋದು?’

ಷರಾ ಕಾಲಂ ಇಲ್ಲ. ನಾಳೆ ಬೆಳಿಗ್ಗೆ ಅದೇ ಮೊದಲ ಕೆಲಸ.