ಗಾಂಧಾರ ಎಳೆದಾಗ ಸಾ ಎಲ್ಲಿ ಹೋಯ್ತು?

ನನ್ನ ಎಲೆಕ್ಟ್ರಿಕ್ ಗಿಟಾರ್ ಕೇಳಿ ಅತ್ತೆ ಹೇಳಿದ ಮೊದಲ ಮಾತು, "ಚೆನ್ನಾಗಿ ನುಡಿಸ್ತೀಯ ಕಣೋ, ಆದ್ರೆ ನೀನು ಗಾಂಧಾರ ಎಳೆದಾಗೆಲ್ಲ ಸಾ ಎಲ್ಲಿಗೋ ಹೋಗ್ಬಿಡುತ್ತಲ್ಲ?" ಅತ್ತೆ ಹನುಮಂತನಗರದ ಮನೇಲಿ ಎಷ್ಟೋ ವರ್ಷದಿಂದ ವೀಣೆ ಪಾಠ ಹೇಳ್ಕೊಂಡು ಬಂದಿರೋರು, ಅವರ ಕಿವಿಗೆ ತಪ್ಪಾಗಿ ಕೇಳ್ಸೋಕೆ ಸಾಧ್ಯ ಇಲ್ಲ ಅಂತ ನಂಗೆ ಚಿಕ್ಕಂದಿನಿಂದ ಗೊತ್ತು. ಆವತ್ತು ರಾತ್ರಿ ನಿದ್ದೆ ಬರ್ಲಿಲ್ಲ.

ನಾನು ನುಡಿಸೋ ರೀತಿ ಸ್ವಲ್ಪ ಬೇರೆ. ಐದನೇ ತಂತಿ ಎ, ಅದೇ ನನ್ನ ಸಾ, ಆರನೇದು ಇ ಮಂದ್ರದ ಪಾ, ಎರಡನ್ನೂ ತಂಬೂರಿ ಥರ ಬಿಟ್ಟು ಮೀಟ್ತಾ ಮೂರನೇ ತಂತೀಲಿ ರಾಗ. ತೋಡಿ ರಾಗ ತಗೊಂಡ್ರೆ ಮೂರನೇ ಫ್ರೆಟ್‌ನಲ್ಲಿ, ಅಂದ್ರೆ ಕುತ್ತಿಗೆ ಮೇಲಿನ ಮೂರನೇ ಅಡ್ಡಪಟ್ಟೀಲಿ, ರಿಷಭ, ಅಲ್ಲಿಂದ ತಂತಿ ಪಕ್ಕಕ್ಕೆ ಎಳೆದು ಸ್ವರ ಏರಿಸಿದ್ರೆ ಗಾಂಧಾರ, ಮತ್ತೆ ಆ ಗಾಂಧಾರ ನೆಟ್ಟಗೆ ನಿಲ್ಲೋ ಸ್ವರ ಅಲ್ಲ, ಅಲ್ಲಾಡ್ತಾನೇ ಇರ್ಬೇಕು. ನನ್ನದು ಸ್ಟ್ರಾಟೋಕಾಸ್ಟರ್ ಮಾದರಿ, ಸೆಕೆಂಡ್ ಹ್ಯಾಂಡಲ್ಲಿ ತಗೊಂಡಿದ್ದು. ಅದರ ಬ್ರಿಡ್ಜ್, ಅಂದ್ರೆ ತಂತಿಗಳ ಬುಡ ಕೂರೋ ಲೋಹದ ಭಾಗ, ಮರಕ್ಕೆ ಕಚ್ಕೊಂಡಿರಲ್ಲ, ಹಿಂದುಗಡೆ ಸ್ಪ್ರಿಂಗ್ ಎಳೀತಿರುತ್ತೆ, ಮುಂದೆ ತಂತಿಗಳು ಎಳೀತಿರ್ತವೆ, ತಕ್ಕಡಿ ಹಾಗೆ ಮಧ್ಯೆ ತೂಗ್ತಿರುತ್ತೆ. ನಾನು ಒಂದು ತಂತಿ ಜಗ್ಗಿದ್ರೆ ಬ್ರಿಡ್ಜ್ ಮುಂದಕ್ಕೆ ಬಾಗುತ್ತೆ, ಬಾಗಿದ ತಕ್ಷಣ ಉಳಿದ ಐದೂ ತಂತಿ ಸಡಿಲ ಆಗಿ ಶ್ರುತಿ ಇಳಿಯುತ್ತೆ. ಅಂದ್ರೆ ನನ್ನ ಗಾಂಧಾರ ಮೇಲೆ ಹೋದಷ್ಟೂ ನನ್ನ ಸಾ ಕೆಳಗೆ ಹೋಗ್ತಿತ್ತು! ರಾಕ್ ಸೋಲೋ ನುಡಿಸೋರಿಗೆ ಇದು ಅಷ್ಟಾಗಿ ಗೊತ್ತೇ ಆಗಲ್ಲ, ಅವರಿಗೆ ಕೆಳಗೆ ಸಾ ಕೂಗ್ತಿರಲ್ಲ.

ಸರಿ, ಇದನ್ನ ನನ್ನ ಕೈಗೆ ಒಗ್ಗೋ ಹಾಗೆ ಮಾಡ್ಕೊಳ್ಳೋದೇ ಅಂತ ಕೂತೆ. ಫ್ರೆಟ್‌ಗಳ ಮಧ್ಯದ ಮರ ಕೆರೆದು ಹಳ್ಳ ಮಾಡ್ಸು ಅಂತ ಇಬ್ಬರು ಫ್ರೆಂಡ್ಸ್ ಹೇಳಿದ್ರು, ಗಿಟಾರಿಸ್ಟ್ ಜಾನ್ ಮೆಕ್ಲಾಫ್ಲಿನ್ ಶಕ್ತಿ ಬ್ಯಾಂಡಲ್ಲಿ ಅಂಥದ್ದೇ ಗಿಟಾರ್ ನುಡಿಸ್ತಿದ್ದಿದ್ದು. ವೀಣೇಲೂ ಹಾಗೇ ಅಲ್ವಾ, 24 ಮೆಟ್ಟಿಲನ್ನ ಮೇಣದ ಮೇಲೆ ಎತ್ತರಕ್ಕೆ ಕೂರಿಸಿರ್ತಾರೆ, ಬೆರಳು ಮರಕ್ಕೆ ತಾಗಲ್ಲ. ಆಸೆ ಆಯ್ತು, ಆದ್ರೆ ನಾನು ಕಾರ್ಡ್ಸ್ ಕೂಡ ನುಡಿಸ್ತೀನಿ, ನನ್ನ ಎಡಗೈ ಒತ್ತು ಜಾಸ್ತಿ, ಹಳ್ಳ ಇದ್ರೆ ಒತ್ತಿದಷ್ಟೂ ಸ್ವರ ಮೇಲೇರುತ್ತೆ, ಮತ್ತೆ ಕೆರೆದ ಮರ ವಾಪಸ್ ಬರಲ್ಲ. ಬೇಡ ಅಂದೆ. ಮ್ಯಾಂಡೊಲಿನ್ ಯು. ಶ್ರೀನಿವಾಸ್ ಅವರನ್ನ ನೆನೆಸ್ಕೊಳ್ಳಿ, ನಾಲ್ಕು ಜೋಡಿ ಅಂದ್ರೆ ಎಂಟು ತಂತಿ ಇರೋ ವಾದ್ಯ ಬಿಟ್ಟು ಐದೇ ಒಂಟಿ ತಂತಿಯ ಎಲೆಕ್ಟ್ರಿಕ್ ಮ್ಯಾಂಡೊಲಿನ್ ಹಿಡಿದ್ರು. ಜೋಡಿ ತಂತಿ ಸಮವಾಗಿ ಎಳೆಯೋದು ಎಷ್ಟು ಕಷ್ಟ ಅಂತ ಎಳೆದು ನೋಡ್ದೋರಿಗೆ ಗೊತ್ತು. ನನಗೂ ಬೇಕಿದ್ದಿದ್ದು ಅಷ್ಟೇ, ನನ್ನ ಸಂಗೀತಕ್ಕೆ ಎಷ್ಟು ಬೇಕೋ ಅಷ್ಟು.

ಮೊದ್ಲು ತಂತಿ. 10ರ ಸೆಟ್ ತೆಗೆದು 9ರ ಸೆಟ್ ಹಾಕ್ದೆ, ಮೂರನೇ ತಂತಿ ದಪ್ಪ 17ರಿಂದ 16 ಆಯ್ತು, ಹೇಳೋಕೆ ಇಂಚಿನ ಸಾವಿರದಲ್ಲೊಂದು ಪಾಲು ಆದ್ರೂ ಮೂರನೇ ಫ್ರೆಟ್ ಹತ್ರ, ನಟ್ (ಕುತ್ತಿಗೆ ತುದೀಲಿ ತಂತಿಗಳು ಕೂರೋ ಪಟ್ಟಿ) ಪಕ್ಕದಲ್ಲೇ ಎಳೆಯೋವಾಗ ಬೆರಳಿಗೆ ಆ ವ್ಯತ್ಯಾಸ ಗೊತ್ತಾಗುತ್ತೆ. ತಂತಿ ಸಣ್ಣ ಆದ್ರೆ ಕುತ್ತಿಗೆ ಮೇಲಿನ ಎಳೆತಾನೂ ಕಮ್ಮಿ ಆಗುತ್ತೆ, ಅದಕ್ಕೆ ಕುತ್ತಿಗೆ ಒಳಗಿರೋ ಸರಳು, ಟ್ರಸ್ ರಾಡನ್ನ, ಕಾಲು ಸುತ್ತು ಸಡಿಲ ಮಾಡಿ ಒಂದು ರಾತ್ರಿ ಬಿಟ್ಟೆ. ಇನ್ನೊಂದು ನೋವಿನ ವಿಷಯ, ಹಿಂದೆ ಒಂದು ಅಂಗಡೀಲಿ ಬರೀ ತಂತಿ ಬದಲಾಯಿಸೋಕೆ ಕೊಟ್ಟಾಗ ಕೇಳದೇನೇ ನಟ್‌ನಲ್ಲಿ ತಂತಿ ಕೂರೋ ಗೀರುಗಳನ್ನ ಆಳಕ್ಕೆ ಉಜ್ಜಿಬಿಟ್ಟಿದ್ರು, ಬಿಟ್ಟ ತಂತಿ ಮೀಟಿದ್ರೆ ಮೊದಲ ಫ್ರೆಟ್‌ಗೆ ತಾಗಿ ಜರ್ ಅನ್ನೋದು. ತಂಬೂರೀಲಿ ನೂಲು ಇಟ್ಟು ಜೀವ ತರಿಸ್ತಾರಲ್ಲ, ಆ ನಾದ ಅಲ್ಲ ಇದು, ಬರೀ ಕಿರಿಕಿರಿ. ಬಿಟ್ಟ ತಂತೀನೇ ನನ್ನ ಶ್ರುತಿ, ಅದೇ ಹಾಳಾದ್ರೆ ಏನು ಉಳೀತು? ಗೊತ್ತಿರೋರೊಬ್ಬರ ಹತ್ರ ಮೂಳೆಯ ಹೊಸ ನಟ್ ಹಾಕಿಸ್ದೆ.

ಶನಿವಾರ ಬೆಳಿಗ್ಗೆ ನ್ಯಾಷನಲ್ ಕಾಲೇಜ್ ಸ್ಟೇಷನ್ನಿಂದ ಮೆಟ್ರೋ ಹತ್ತಿ ಎರಡನೇ ಸ್ಟಾಪ್ ಚಿಕ್ಕಪೇಟೇಲಿ ಇಳಿದು ಎಲೆಕ್ಟ್ರಾನಿಕ್ಸ್ ಅಂಗಡಿಗಳಿರೋ ಎಸ್.ಪಿ. ರೋಡ್‌ಗೆ ನಡೆದೆ. ನಾನು ವಾಲ್ಯೂಮ್ ನಾಬನ್ನ ಕಿರುಬೆರಳಲ್ಲಿ ತಿರುಗಿಸ್ತಾ ಮೀಟಿನ ಟಕ್ ಶಬ್ದ ಮುಚ್ತೀನಿ, ಪಿಟೀಲಿನ ಹಾಗೆ ಸ್ವರ ಮೆಲ್ಲಗೆ ಅರಳಲಿ ಅಂತ, ಆದ್ರೆ ವಾಲ್ಯೂಮ್ ಇಳಿಸಿದ್ರೆ ಶಾರೀರ ಕಟ್ಟಿದ ಹಾಗೆ ಮಂಕಾಗೋದು. ಅದಕ್ಕೆ ಆ ನಾಬಿನ ಕೆಳಗಿರೋ ಪಾಟ್‌ನ ಎರಡು ಕಾಲುಗಳ ಮಧ್ಯೆ ಒಂದು ಕೆಪಾಸಿಟರ್, ಒಂದು ರೆಸಿಸ್ಟರ್ ಬೆಸುಗೆ ಹಾಕಿದ್ರೆ ತಾರಸ್ಥಾಯಿಯ ಹೊಳಪು ಉಳಿಯುತ್ತೆ. "102 ಸೆರಾಮಿಕ್ ಕೊಡಿ, 150ಕೆ ರೆಸಿಸ್ಟರ್ ಒಂದು" ಅಂದ್ರೆ ಅಂಗಡಿಯವರು "ಒಂದೊಂದು ಕೊಡಲ್ಲ ಸಾರ್, ಹತ್ತು ತಗೊಳ್ಳಿ" ಅಂದ್ರು. ಕಂದು, ಹಸಿರು, ಹಳದಿ ಗೆರೆ ನೋಡ್ಕೊಂಡು ತಗೊಂಡೆ, ಜೊತೆಗೆ ಗುಂಯ್ ಶಬ್ದ ತಡೆಯೋಕೆ ಗಿಟಾರ್ ಒಳಗೆ ಅಂಟಿಸೋ ತಾಮ್ರದ ಟೇಪ್ ಒಂದು ಸುರುಳಿ. ತಂತಿಯ ಕಂಪನ ಹಿಡಿಯೋ ಸಿಂಗಲ್ ಕಾಯಿಲ್ ಪಿಕಪ್ ನಮ್ಮ ಕರೆಂಟಿನ 50 ಹರ್ಟ್ಜ್ ಗುಂಯ್ ಅನ್ನೋದನ್ನ ಹಿಡ್ಕೊಳ್ಳುತ್ತೆ, ಅದು ಹೆಚ್ಚುಕಮ್ಮಿ ಜಿ ಸ್ವರ, ಅದಕ್ಕಿಂತ ಚೂರು ಮೇಲೆ. ನನ್ನ ಸಾಗೆ ಅದು ಶ್ರುತಿ ತಪ್ಪಿದ ನಿಷಾದ, ಎಷ್ಟು ಹಿಂಸೆ ಆಗಿರ್ಬೇಕು ಯೋಚ್ನೆ ಮಾಡಿ.

ವಾಪಸ್ ಬರ್ತಾ ನಮ್ಮ ಬೀದಿಯ ಕಾರ್ಪೆಂಟರ್ ಹತ್ರ ಒಂದು ಟೀಕ್ ತುಂಡು ಕೇಳ್ದೆ, ಅಳತೆ ಹೇಳಿದ್ದಕ್ಕೆ ಅವರು ತಾವೇ ಬೆಣೆ ಥರ ಕೊಯ್ದು ಕೊಟ್ರು, ದುಡ್ಡು ತಗೊಳ್ಳಲಿಲ್ಲ. ಮನೇಲಿ ಹಿಂದಿನ ಮುಚ್ಚಳ ಬಿಚ್ಚಿ ಸ್ಪ್ರಿಂಗ್ ಮೂರಿದ್ದಿದ್ದನ್ನ ಐದು ಮಾಡ್ದೆ, ಬ್ರಿಡ್ಜ್ ಮರಕ್ಕೆ ಅಂಟಿ ಕೂತ್ಕೊಳ್ತು, ಆಮೇಲೆ ಅದು ಅಲ್ಲಾಡದ ಹಾಗೆ ಬ್ರಿಡ್ಜಿನ ಕೆಳಗಿರೋ ಕಬ್ಬಿಣದ ಬ್ಲಾಕಿಗೂ ಗಿಟಾರಿನ ಒಳಗೋಡೆಗೂ ಮಧ್ಯೆ ಆ ಬೆಣೆ ಸ್ಯಾಂಡ್ ಪೇಪರಲ್ಲಿ ಉಜ್ಜಿ ಉಜ್ಜಿ ಇಟ್ಟು ನೋಡಿ ಮತ್ತೆ ಉಜ್ಜಿ, ಬೆರಳಲ್ಲಿ ಒತ್ತಿದ್ರೆ ಮಾತ್ರ ಒಳಗೆ ಹೋಗೋ ಹಾಗೆ ಕೂರಿಸ್ದೆ. ಬ್ರಿಡ್ಜ್ ಕೆಳಗೆ ಹೋದ್ರಿಂದ ತಂತಿನೂ ಇಳೀತು, ಹಾಗಾಗಿ ಬ್ರಿಡ್ಜ್ ಮೇಲೆ ತಂತಿ ಕೂರೋ ಸ್ಯಾಡಲ್ ಎತ್ತಿ 12ನೇ ಫ್ರೆಟ್ ಹತ್ರ ತಂತಿ ಎತ್ತರ 2 ಮಿಲಿಮೀಟರಿಗೆ ತಂದೆ. ಎಲ್ಲರೂ ಕಮ್ಮಿ ಕಮ್ಮಿ ಅಂತಾರೆ, ಆದ್ರೆ ಮೇಲಿನ ಸ್ಥಾಯೀಲಿ ದೊಡ್ಡದಾಗಿ ಎಳೆದಾಗ ತಂತಿ ಪಕ್ಕದ ಫ್ರೆಟ್‌ಗೆ ತಾಗಿ ಸ್ವರ ಸಾಯೋದಕ್ಕಿಂತ ಈ ಎತ್ತರವೇ ನನಗೆ ಸರಿ.

ಬೆಸುಗೆ ಮುಗಿಸಿ ಪ್ಲಗ್ ಹಾಕ್ದೆ. ಶಬ್ದವೇ ಇಲ್ಲ. ಎದೆ ಧಸಕ್ ಅಂತು. ಮಲ್ಟಿಮೀಟರ್ ಇಟ್ಟು ಒಂದೊಂದೇ ಜಾಗ ನೋಡ್ತಾ ಬಂದೆ, ಜಾಕ್ ಹತ್ರ ಬೀಪ್ ಅಂತು. ಪ್ಲಗ್ ಒಳಗೆ ಹೋದಾಗ ಜಾಕಿನ ನಾಲಿಗೆ ಹೊರಗೆ ಬಾಗಿ ನಾನೇ ಅಂಟಿಸಿದ್ದ ತಾಮ್ರದ ಟೇಪಿಗೆ ತಾಗ್ತಿತ್ತು, ಸಿಗ್ನಲ್ ಪೂರ್ತಿ ಅರ್ತಿಗೆ. ಅಲ್ಲಿ ಎರಡು ಪದರ ಇನ್ಸುಲೇಷನ್ ಟೇಪ್ ಹಾಕ್ದೆ, ನಾದ ಬಂತು. ಗುಂಯ್ ಪೂರ್ತಿ ಹೋಗಿಲ್ಲ, ಸ್ವಿಚ್ ಎರಡನೇ ಜಾಗಕ್ಕೆ ಹಾಕಿ ಎರಡು ಪಿಕಪ್ ಒಟ್ಟಿಗೆ ಇಟ್ರೆ ಮಾತ್ರ ಹೋಗುತ್ತೆ, ಅಲ್ಲೇ ನುಡಿಸ್ತೀನಿ ಈಗ.

ಭಾನುವಾರ ಸಂಜೆ ಪಾಠಕ್ಕೆ ಬಂದ ಮಕ್ಕಳೆಲ್ಲ ಹೋದ್ಮೇಲೆ ಅತ್ತೆ ಎದುರು ಕೂತೆ. ಸಾ ಮೀಟಿದೆ, ರಿಷಭದಿಂದ ಎಳೆದೆ. ಅತ್ತೆ ಕಣ್ಣು ಮುಚ್ಕೊಂಡು ಕೇಳ್ತಿದ್ರು, ಸಾ ಕೆಳಗೆ ಹಾಗೇ ನಿಂತಿತ್ತು. ಸ್ವಲ್ಪ ಹೊತ್ತಾದ್ಮೇಲೆ ಕಣ್ಣು ಬಿಡದೇನೇ ವೀಣೆ ಕಡೆ ಕೈ ಚಾಚಿ, "ಇರು, ನನ್ನ ಶ್ರುತೀನ ನಿಂದಕ್ಕೆ ಸೇರಿಸ್ಕೋತೀನಿ" ಅಂದ್ರು.