ಹಸಿರು ಗುರುತು ಬಿದ್ದ ಮೇಲೂ ತಾಳೆ ನೋಡಬೇಕಾ?

19 ನವೆಂಬರ್ 2025, ಬುಧವಾರ

ಮಧ್ಯಾಹ್ನ ಮತ್ತೊಂದು ಸಾಫ್ಟ್‌ವೇರ್ ಡೆಮೊ. ಪಿಂಚಣಿ ನಿಧಿಯ ಲೆಕ್ಕಪತ್ರದ ಕಡೆ ಕೆಲಸ ಮಾಡುವವರಿಗೆ ಇದೀಗ ಮಾಮೂಲಾಗಿಬಿಟ್ಟಿದೆ. ಮೊದಲ ಸ್ಲೈಡ್‌ನಲ್ಲಿ ಎಐ ಅಂತ ದಪ್ಪ ಅಕ್ಷರ, ಎರಡನೆಯದರಲ್ಲಿ ಎಷ್ಟು ಗಂಟೆ ಉಳಿಯುತ್ತದೆ ಅನ್ನೋ ಗ್ರಾಫ್, ಮೂರನೆಯದು ಬರುವ ಹೊತ್ತಿಗೆ ಅರ್ಧ ಜನ ಮೊಬೈಲ್ ನೋಡುತ್ತಿರುತ್ತಾರೆ. ಇವತ್ತಿನದನ್ನು ಮಾತ್ರ ಕೊನೆತನಕ ನೋಡಿದೆ. ಯಾವ ಷೇರು ಕೊಳ್ಳಬೇಕು ಅಂತ ಹೇಳಲು ಬಂದಿದ್ದಲ್ಲ ಅದು. ನಾವು ದಿನಾ ಕೂತು ಕೈಯಲ್ಲಿ ಮಾಡುವ ಬೇಜಾರಿನ ಕೆಲಸ ಒಂದಿದೆ, ಅದನ್ನು ಮಾಡಿಕೊಡುತ್ತೇನೆ ಅಂತ ಬಂದಿದ್ದು.

ಆ ಕೆಲಸ ಏನು ಅಂತ ಹೇಳಿಬಿಡುತ್ತೇನೆ, ಹೊರಗಿನವರಿಗೆ ಇದರ ಅಂದಾಜೇ ಇರುವುದಿಲ್ಲ. ಪಟ್ಟಿಯಾದ ಷೇರು ಕೊಂಡರೆ ದಾಖಲೆ ತಾನಾಗಿಯೇ ಬಂದು ಕೂರುತ್ತದೆ. ಪ್ರೈವೇಟ್ ಇಕ್ವಿಟಿ, ಅಂದರೆ ಷೇರುಪೇಟೆಯ ಪಟ್ಟಿಯಲ್ಲಿಲ್ಲದ ಕಂಪನಿಗಳಲ್ಲಿ ಹಣ ಹಾಕುವುದು, ಹಾಗಲ್ಲ. ಅಲ್ಲಿ ನಾವು ಒಂದು ಫಂಡ್‌ಗೆ ಇಷ್ಟು ಹಣ ಕೊಡುತ್ತೇವೆ ಅಂತ ಮಾತು ಕೊಟ್ಟಿರುತ್ತೇವೆ. ಅವರು ಕಂಪನಿ ಕೊಳ್ಳುವಾಗ, ಖರ್ಚು ಬಂದಾಗ, ಸ್ವಲ್ಪ ಸ್ವಲ್ಪವಾಗಿ ಕೇಳುತ್ತಾರೆ. ಅದಕ್ಕೆ ಕ್ಯಾಪಿಟಲ್ ಕಾಲ್ ಅನ್ನುತ್ತಾರೆ. ನೋಟಿಸ್ ಬರುವುದು ಪಿಡಿಎಫ್‌ನಲ್ಲಿ. ಒಬ್ಬೊಬ್ಬರದು ಒಂದೊಂದು ನಮೂನೆ. ಒಬ್ಬರು ಮೊತ್ತವನ್ನು ಮೇಲೆ ಹಾಕುತ್ತಾರೆ, ಇನ್ನೊಬ್ಬರು ಮೂರನೇ ಪುಟದ ಕೋಷ್ಟಕದೊಳಗೆ ಹುದುಗಿಸುತ್ತಾರೆ. ದಿನಾಂಕ ಬರೆಯುವುದರಲ್ಲೂ ತಿಂಗಳು ಮೊದಲೋ ದಿನ ಮೊದಲೋ ಅನ್ನುವ ಗೋಜಲು. ಇಷ್ಟನ್ನೂ ಒಬ್ಬರು ಓದಿ, ಟೈಪ್ ಮಾಡಿ, ಇನ್ನೊಬ್ಬರು ತಾಳೆ ನೋಡಿ, ಆಮೇಲೆ ಹಣ ಕಳಿಸಬೇಕು. ಸಾಮಾನ್ಯವಾಗಿ ಸಿಗುವುದು ಹತ್ತು ಕೆಲಸದ ದಿನ.

ಈ ಯಂತ್ರ ಪಿಡಿಎಫ್ ನುಂಗಿ ಅರ್ಧ ನಿಮಿಷದೊಳಗೆ ಎಲ್ಲವನ್ನೂ ಬಿಡಿಸಿ ಇಟ್ಟಿತು. ಹೂಡಿಕೆಗೆ ಎಷ್ಟು, ನಿರ್ವಹಣಾ ಶುಲ್ಕಕ್ಕೆ ಎಷ್ಟು, ಯಾವ ಬ್ಯಾಂಕ್ ಖಾತೆ, ಹೋದ ಸಲದ ಖಾತೆ ಇದೇ ಇತ್ತಾ. ಕೊನೆಯದಂತೂ ನಿಜಕ್ಕೂ ಒಳ್ಳೆಯದು. ನಕಲಿ ನೋಟಿಸ್ ಕಳಿಸಿ ಹಣ ಹೊಡೆಯುವವರು ಮೊದಲು ಬದಲಿಸುವುದೇ ಖಾತೆ ಸಂಖ್ಯೆಯನ್ನು.

ಆಮೇಲೆ ನಾನು ಇಟ್ಟುಕೊಂಡಿದ್ದ ಒಂದು ಹಳೆಯ ನೋಟಿಸ್ ಕೊಟ್ಟೆ. ಅದು ಹಣ ವಾಪಸ್ ಬರುವ ನೋಟಿಸ್, ಅಂದರೆ ಡಿಸ್ಟ್ರಿಬ್ಯೂಷನ್. ಕೊನೆಯ ಪುಟದ ಅಡಿಟಿಪ್ಪಣಿಯಲ್ಲಿ ಸಣ್ಣ ಅಕ್ಷರದಲ್ಲಿ ಒಂದು ಸಾಲು ಇದೆ: ಇದರಲ್ಲಿ ಒಂದು ಭಾಗವನ್ನು ಫಂಡ್‌ನವರು ಮತ್ತೆ ಕೇಳಬಹುದು ಅಂತ. ರೀಕಾಲೆಬಲ್ ಅನ್ನುತ್ತಾರೆ. ಈಗ 10 ಲಕ್ಷ ಡಾಲರ್ ಬಂತು, ಅದರಲ್ಲಿ 4 ಲಕ್ಷ ರೀಕಾಲೆಬಲ್ ಅಂತಿಟ್ಟುಕೊಳ್ಳಿ. ಕೈಗೆ ಬಂದಿದ್ದು 10 ಲಕ್ಷವೇ, ಸರಿ. ಆದರೆ ನಾವು ಇನ್ನೂ ಕೊಡಬೇಕಾಗಿ ಬರಬಹುದಾದ ಬಾಕಿಗೆ ಆ 4 ಲಕ್ಷ ಮತ್ತೆ ಸೇರಬೇಕು. ಯಂತ್ರ ಅದನ್ನು ಸೇರಿಸಲಿಲ್ಲ. ಇಡೀ ಹಣ ಬಂತು, ಮುಗಿಯಿತು ಅಂತ ಬರೆದು ಪಕ್ಕದಲ್ಲಿ ಹಸಿರು ಗುರುತು ಹಾಕಿತು. ಅನುಮಾನ ಇದ್ದರೆ ಹಳದಿ ಹಾಕುತ್ತದೆ ಅಂತ ಅವರೇ ಹತ್ತು ನಿಮಿಷದ ಹಿಂದೆ ಹೇಳಿದ್ದರು.

ಡೆಮೊ ಕೊಡುತ್ತಿದ್ದ ಹುಡುಗ ಒಳ್ಳೆಯವನು. ಸುಮ್ನೆ ಸಮರ್ಥಿಸಿಕೊಳ್ಳಲಿಲ್ಲ. "ಸರಿ ಮಾಡ್ತೀವಿ ಸರ್, ಇಂಥ ಮಾದರಿ ಇನ್ನಷ್ಟು ಕೊಡಿ" ಅಂದ. ಸರಿಯಾಗುತ್ತದೆ, ಅದರಲ್ಲಿ ನನಗೆ ಅನುಮಾನ ಇಲ್ಲ. ತಲೆಯಲ್ಲಿ ಕೊರೆಯುತ್ತಿರುವುದು ಬೇರೆ. ಆ ಅಡಿಟಿಪ್ಪಣಿ ನನ್ನ ಕಣ್ಣಿಗೆ ಬಿದ್ದಿದ್ದು ಇಂಥ ಪತ್ರಗಳನ್ನು ವರ್ಷಗಟ್ಟಲೆ ಟೈಪ್ ಮಾಡಿದ್ದಕ್ಕೆ. ನಾಳೆ ಯಾರೂ ಟೈಪ್ ಮಾಡದೇ ಇದ್ದಾಗ, ಹಸಿರು ಗುರುತಿನ ಹಿಂದೆ ಏನಿದೆ ಅಂತ ಕೇಳುವವರು ಯಾರು?

ತಂತ್ರಜ್ಞಾನ ಹೂಡಿಕೆಯನ್ನು ಬದಲಿಸುತ್ತಿದೆ ಅಂದ ಕೂಡಲೇ ಜನರ ಕಣ್ಮುಂದೆ ಬರುವುದು ಚಂದದ ದೃಶ್ಯಗಳು. ಉಪಗ್ರಹದ ಚಿತ್ರದಿಂದ ಪಾರ್ಕಿಂಗ್ ಜಾಗದ ಕಾರು ಎಣಿಸಿ ಅಂಗಡಿಯ ಮಾರಾಟ ಊಹಿಸುವುದು, ತೈಲದ ಟ್ಯಾಂಕ್‌ನ ತೇಲುವ ಮುಚ್ಚಳದ ನೆರಳು ಅಳೆದು ಒಳಗೆ ಎಷ್ಟು ಎಣ್ಣೆ ಇದೆ ಅಂತ ಹೇಳುವುದು. ಇವೆಲ್ಲ ನಿಜವಾಗಿಯೂ ನಡೆಯುತ್ತವೆ. ಆದರೆ ಎಲ್ಲರೂ ಅದೇ ಚಿತ್ರ ಕೊಳ್ಳಲು ಶುರು ಮಾಡಿದ ದಿನ ಅದರ ಲಾಭ ಕರಗುತ್ತದೆ. ನನ್ನ ಲೆಕ್ಕದಲ್ಲಿ ದೊಡ್ಡ ಬದಲಾವಣೆ ಆಗಿರುವುದು ಕೊಳಾಯಿ ಕೆಲಸದಲ್ಲಿ. ಹಣ ಯಾವ ದಾರಿಯಲ್ಲಿ ಹೋಗುತ್ತದೆ, ಲೆಕ್ಕ ಯಾರ ಹತ್ತಿರ ಇರುತ್ತದೆ, ಎಷ್ಟು ಬೇಗ ಇತ್ಯರ್ಥ ಆಗುತ್ತದೆ (ಅಂದರೆ ಹಣವೂ ಷೇರೂ ನಿಜವಾಗಿ ಕೈ ಬದಲಾಗುತ್ತವೆ), ಇದರಲ್ಲಿ.

1968ರಲ್ಲಿ ನ್ಯೂಯಾರ್ಕ್ ಷೇರುಪೇಟೆಯನ್ನು ಬುಧವಾರ ಮುಚ್ಚುತ್ತಿದ್ದರು. ಯಾಕೆ ಗೊತ್ತಾ? ಷೇರು ಪತ್ರಗಳ ರಾಶಿ ಜಾಸ್ತಿಯಾಗಿ ಗುಮಾಸ್ತರಿಗೆ ಬರೆದು ಮುಗಿಸಲು ಆಗುತ್ತಿರಲಿಲ್ಲ. ಒಂದು ದಿನ ವ್ಯಾಪಾರ ನಿಲ್ಲಿಸಿದರೆ ಕಾಗದದ ಕೆಲಸ ಸ್ವಲ್ಪ ಹಿಡಿತಕ್ಕೆ ಬರುತ್ತದೆ ಅಂತ. (ಇವತ್ತೂ ಬುಧವಾರವೇ. ನಮಗ್ಯಾರೂ ರಜೆ ಕೊಡಲಿಲ್ಲ.) ಆ ಪೇಚಾಟದಿಂದಲೇ 1973ರಲ್ಲಿ ಅಮೆರಿಕದ ಡೆಪಾಸಿಟರಿ ಸಂಸ್ಥೆ ಹುಟ್ಟಿತು, ಪತ್ರಗಳು ಒಂದೇ ಕಡೆ ಕೂತು ಲೆಕ್ಕ ಮಾತ್ರ ಓಡಾಡಲು ಶುರುವಾಯಿತು. 2024ರ ಮೇ 28ರಿಂದ ಅಲ್ಲಿ ವಹಿವಾಟಿನ ಮರುದಿನವೇ ಇತ್ಯರ್ಥ. ಭಾರತ ಅದಕ್ಕೂ ಮೊದಲೇ, 2023ರ ಜನವರಿಯಲ್ಲೇ ಅಲ್ಲಿಗೆ ತಲುಪಿತ್ತು. ಒಂದು ದಿನ ಕಡಿಮೆಯಾದರೆ ಏನು ಮಹಾ ಅಂತ ಅನಿಸಬಹುದು. ಬೇರೆ ಖಂಡದಲ್ಲಿ ಕೂತು ಅಮೆರಿಕದ ಷೇರು ಕೊಳ್ಳುವ ನಿಧಿಯನ್ನು ಕೇಳಿ. ಅವರ ಪೇಟೆ ಮುಚ್ಚುವ ಹೊತ್ತಿಗೆ ಇವರಿಗೆ ನಡುರಾತ್ರಿ, ಆ ಹೊತ್ತಲ್ಲಿ ಡಾಲರ್ ಹೊಂದಿಸಲು ಯಾರಾದರೂ ಎದ್ದಿರಬೇಕು, ಇಲ್ಲವೇ ಮೊದಲೇ ಅಂದಾಜು ಮಾಡಿ ಕೊಂಡಿಟ್ಟಿರಬೇಕು.

ಇಂಡೆಕ್ಸ್ ಫಂಡ್, ಅಂದರೆ ಷೇರು ಆರಿಸಲು ಹೋಗದೆ ಇಡೀ ಪಟ್ಟಿಯನ್ನೇ ಕೊಂಡಿಡುವ ಫಂಡ್, ಅದರ ಕಥೆಯೂ ಹೀಗೆಯೇ. 1971ರಲ್ಲಿ ವೆಲ್ಸ್ ಫಾರ್ಗೊ ಬ್ಯಾಂಕ್ ಸ್ಯಾಮ್ಸೊನೈಟ್ ಕಂಪನಿಯ ಪಿಂಚಣಿ ನಿಧಿಗಾಗಿ 60 ಲಕ್ಷ ಡಾಲರ್‌ನ ಮೊದಲ ಇಂಡೆಕ್ಸ್ ಖಾತೆ ತೆರೆಯಿತು. ನ್ಯೂಯಾರ್ಕ್ ಪೇಟೆಯ ಎಲ್ಲ ಷೇರುಗಳನ್ನೂ ಸಮಪಾಲಿನಲ್ಲಿ ಇಟ್ಟುಕೊಳ್ಳುವುದು ಯೋಜನೆ. ಬೆಲೆ ಏರಿಳಿದಾಗಲೆಲ್ಲ ಮತ್ತೆ ಸಮ ಮಾಡಬೇಕು, ಆ ಖರ್ಚು ತಡೆಯಲಾಗಲಿಲ್ಲ. ಕೊನೆಗೆ ಅಮೆರಿಕದ 500 ದೊಡ್ಡ ಕಂಪನಿಗಳ ಸೂಚ್ಯಂಕ ಎಸ್‌ಅಂಡ್‌ಪಿ 500 ಕಡೆ ಹೊರಳಿದರು. ಐಡಿಯಾ ಚೆನ್ನಾಗಿಯೇ ಇತ್ತು, ಕೊಳಾಯಿ ತಯಾರಿರಲಿಲ್ಲ. ಈಗ ನಾರ್ವೆಯ ತೈಲ ನಿಧಿ ಜಗತ್ತಿನ ಪಟ್ಟಿಯಾದ ಷೇರುಗಳಲ್ಲಿ ಸರಾಸರಿ 1.5% ಇಟ್ಟುಕೊಂಡಿದೆ, ಅದನ್ನು ನಡೆಸುವವರು ಸಾವಿರ ಜನರೂ ಇಲ್ಲ. 1971ರಲ್ಲಿ ಇದನ್ನು ಹೇಳಿದ್ದರೆ ನಗುತ್ತಿದ್ದರು.

ಆದರೆ ಕೊಳಾಯಿ ದೊಡ್ಡದಾದಂತೆ ಅದರಲ್ಲಿ ಬಿದ್ದ ಕಸವೂ ದೂರ ಹೋಗುತ್ತದೆ. ಇದಕ್ಕೆ ನಾನು ಯಾವಾಗಲೂ ಹೇಳುವ ಉದಾಹರಣೆ ಆಕ್ಸಾ ರೋಸೆನ್‌ಬರ್ಗ್ ಅನ್ನುವ ಹೂಡಿಕೆ ಸಂಸ್ಥೆ. ಬಾರ್ ರೋಸೆನ್‌ಬರ್ಗ್ ಅಂದರೆ ಸಾಮಾನ್ಯ ಮನುಷ್ಯನಲ್ಲ, ಹೂಡಿಕೆಯ ಅಪಾಯವನ್ನು ಅಂಕಿಗಳಲ್ಲಿ ಅಳೆಯುವ ಮಾದರಿಗಳನ್ನು ಮಾರಲು 1975ರಲ್ಲೇ ಬಾರಾ ಕಂಪನಿ ಕಟ್ಟಿದವನು. ಅವನ ಸಂಸ್ಥೆಯಲ್ಲೇ 2007ರಲ್ಲಿ ಪ್ರೋಗ್ರಾಂನಲ್ಲಿ ಒಂದು ತಪ್ಪು ಸೇರಿಕೊಂಡಿತು. ಅಪಾಯದ ಅಂಕಿಗಳಲ್ಲಿ ಕೆಲವು ಶೇಕಡಾ ರೂಪದಲ್ಲಿ ಬರುತ್ತಿದ್ದವು, ಕೆಲವು ದಶಮಾಂಶದಲ್ಲಿ. 5% ಅನ್ನುವುದನ್ನು ಒಬ್ಬರು 5 ಅಂತ ಬರೆದು, ಇನ್ನೊಬ್ಬರು 0.05 ಅಂತ ಬರೆದ ಹಾಗೆ. ಎರಡನ್ನೂ ಒಂದೇ ಅಳತೆಗೆ ತರುವ ಕೆಲಸ ಆಗಲಿಲ್ಲ. ಹಾಗಾಗಿ ಇಡೀ ಪೇಟೆಗೆ ತಟ್ಟುವಂಥ ಅಪಾಯಗಳಿಗೆ ಯಂತ್ರ ಕೊಡಬೇಕಾದಷ್ಟು ತೂಕ ಕೊಡಲೇ ಇಲ್ಲ. 600ಕ್ಕೂ ಹೆಚ್ಚು ಗ್ರಾಹಕರ ಖಾತೆಗಳಿಗೆ ಏಟು ಬಿತ್ತು.

2009ರ ಜೂನ್‌ನಲ್ಲಿ ಒಬ್ಬ ಉದ್ಯೋಗಿ ಇದನ್ನು ಕಂಡುಹಿಡಿದ. ಆಗ ಬಾಯಿ ಮುಚ್ಚಿಕೊಂಡಿರಿ ಅಂತ ಹೇಳಿದ್ದು ರೋಸೆನ್‌ಬರ್ಗೇ. ಗ್ರಾಹಕರಿಗೆ ಗೊತ್ತಾಗಿದ್ದು 2010ರ ಏಪ್ರಿಲ್‌ನಲ್ಲಿ. 2011ರಲ್ಲಿ ಅಮೆರಿಕದ ನಿಯಂತ್ರಕ ಸಂಸ್ಥೆ ಎಸ್‌ಇಸಿ ಕ್ರಮ ತೆಗೆದುಕೊಂಡು, ಗ್ರಾಹಕರ ನಷ್ಟಕ್ಕೆ 21.7 ಕೋಟಿ ಡಾಲರ್, ಅದರ ಮೇಲೆ 2.5 ಕೋಟಿ ದಂಡ ಕಟ್ಟಿಸಿತು. ಈ ಕಥೆಯಲ್ಲಿ ನನಗೆ ಹೆದರಿಕೆ ಹುಟ್ಟಿಸುವುದು ಆ ಎರಡು ವರ್ಷ. ನಷ್ಟ ಕಾಣುತ್ತಲೇ ಇತ್ತು. ಅದರ ನಡುವೆ 2008ರ ಕುಸಿತವೂ ಬಂದು ಹೋಯಿತು, ಪೇಟೆ ಕೆಟ್ಟದ್ದು ಅಂದುಕೊಳ್ಳಲು ನೆಪ ಬೇಕಾದಷ್ಟಿತ್ತು. ಮಾದರಿ ಕೆಟ್ಟಿದೆಯೋ ಪೇಟೆ ಕೆಟ್ಟಿದೆಯೋ ಅಂತ ಹೊರಗಿನಿಂದ ಹೇಳುವುದು ಹೇಗೆ?

ಇನ್ನೊಂದು, ಇತ್ತೀಚಿನದು. 2022ರ ಸೆಪ್ಟೆಂಬರ್ 23ರಂದು ಬ್ರಿಟನ್ ಸರ್ಕಾರ ತೆರಿಗೆ ಕಡಿತ ಘೋಷಿಸಿತು, ಸರ್ಕಾರಿ ಬಾಂಡ್‌ಗಳ ಬೆಲೆ ದಡದಡ ಬಿತ್ತು. ಅಲ್ಲಿನ ಪಿಂಚಣಿ ನಿಧಿಗಳಲ್ಲಿ ತುಂಬಾ ಜನ ಒಂದೇ ಉಪಾಯ ಹಿಡಿದಿದ್ದರು. ಮುಂದೆ ಕೊಡಬೇಕಾದ ಪಿಂಚಣಿಗೆ ಸರಿಹೊಂದುವ ಹಾಗೆ ಸಾಲದ ಬಲದಲ್ಲಿ ದೀರ್ಘಾವಧಿ ಬಾಂಡ್ ಇಟ್ಟುಕೊಳ್ಳುವುದು, ಎಲ್‌ಡಿಐ ಅಂತ. ಬೆಲೆ ಬಿದ್ದಾಗ ಇನ್ನಷ್ಟು ಅಡಮಾನ ಇಡಿ ಅಂತ ಸಾಲ ಕೊಟ್ಟವರು ಕೇಳಿದರು. ಅದಕ್ಕೆ ಹಣ ಹೊಂದಿಸಲು ಬಾಂಡ್ ಮಾರಿದರು. ಮಾರಿದ್ದಕ್ಕೆ ಬೆಲೆ ಮತ್ತೆ ಬಿತ್ತು. 28ಕ್ಕೆ ಬ್ಯಾಂಕ್ ಆಫ್ ಇಂಗ್ಲೆಂಡ್ ಮಧ್ಯೆ ಬರಬೇಕಾಯಿತು, ಅಕ್ಟೋಬರ್ 14ರ ತನಕ 1,930 ಕೋಟಿ ಪೌಂಡ್‌ನ ಬಾಂಡ್ ಕೊಂಡಿತು.

ಉಪಾಯದ ಬಗ್ಗೆ ತುಂಬಾ ಜನ ಬರೆದಿದ್ದಾರೆ, ಅದು ಬಿಡಿ. ನನ್ನಂಥವನ ಕಣ್ಣಿಗೆ ಬೀಳುವುದು ಕಾಗದ. ಸಣ್ಣ ಸಣ್ಣ ನಿಧಿಗಳು ಒಟ್ಟಾಗಿ ಸೇರಿದ್ದ ಫಂಡ್‌ಗಳಲ್ಲಿ ತೊಂದರೆ ಜಾಸ್ತಿ ಆಯಿತು. ಬೆಲೆ ಗಂಟೆ ಗಂಟೆಗೂ ಬೀಳುತ್ತಿತ್ತು. ಇತ್ತ ಹಣ ಕಳಿಸಬೇಕಾದ ನಿಧಿಯಲ್ಲಿ ಟ್ರಸ್ಟಿಗಳನ್ನು ಹುಡುಕಿ, ಒಪ್ಪಿಗೆ ಪಡೆದು, ಬೇರೆ ಆಸ್ತಿ ಮಾರಿ ಹಣ ಕಳಿಸಲು ದಿನಗಟ್ಟಲೆ ಬೇಕಿತ್ತು. ಮುಂದಿನ ಅರ್ಧ ಮಿಂಚಿನ ವೇಗದಲ್ಲಿ ಓಡುತ್ತಿದ್ದಾಗ ಹಿಂದಿನ ಅರ್ಧ ಸಹಿಗೆ ಕಾಯುತ್ತಾ ಕೂತಿತ್ತು. ಆ ವಾರ ಇಂಥ ಯಂತ್ರ ಯಾರ ಹತ್ತಿರವಾದರೂ ಇದ್ದಿದ್ದರೆ ಖಂಡಿತಾ ಉಪಯೋಗಕ್ಕೆ ಬರುತ್ತಿತ್ತು, ಇದನ್ನು ಒಪ್ಪಲೇಬೇಕು. ಅದಕ್ಕೇ ಇವತ್ತಿನ ಡೆಮೊವನ್ನು ನಾನು ತಳ್ಳಿಹಾಕಲಿಲ್ಲ.

ಬ್ಲಾಕ್‌ಚೈನ್, ಅಂದರೆ ಒಂದೇ ಲೆಕ್ಕದ ಪುಸ್ತಕವನ್ನು ಹಲವು ಕಂಪ್ಯೂಟರ್‌ಗಳು ಹಂಚಿಕೊಂಡು ಇಡುವ ವಿಧಾನ, ಅದರ ಬಗ್ಗೆಯೂ ಯಾರೋ ಕೇಳಿದರು, ಪ್ರತಿ ಮೀಟಿಂಗ್‌ನಲ್ಲೂ ಒಬ್ಬರು ಕೇಳುತ್ತಾರೆ. ಯುರೋಪಿಯನ್ ಇನ್ವೆಸ್ಟ್‌ಮೆಂಟ್ ಬ್ಯಾಂಕ್ 2021ರಲ್ಲಿ ಇಥೀರಿಯಂ ಅನ್ನುವ ಬ್ಲಾಕ್‌ಚೈನ್ ಮೇಲೆ 10 ಕೋಟಿ ಯೂರೊ ಬಾಂಡ್ ತಂದಿತು, ಚೆನ್ನಾಗಿ ನಡೆಯಿತು. ಆಸ್ಟ್ರೇಲಿಯಾದ ಷೇರುಪೇಟೆ ತನ್ನ ಇಡೀ ಇತ್ಯರ್ಥ ವ್ಯವಸ್ಥೆಯನ್ನೇ ಅದರ ಮೇಲೆ ಕಟ್ಟಲು ಹೊರಟು, ವರ್ಷಗಟ್ಟಲೆ ಎಳೆದಾಡಿ, 2022ರ ನವೆಂಬರ್‌ನಲ್ಲಿ ಕೈಬಿಟ್ಟು ಸುಮಾರು 25 ಕೋಟಿ ಆಸ್ಟ್ರೇಲಿಯನ್ ಡಾಲರ್ ನಷ್ಟ ಬರೆಯಿತು. ಹೊಸದಾಗಿ ಒಂದು ಬಾಂಡ್ ತರುವುದು ಸುಲಭ. ಓಡುತ್ತಿರುವ ಪೇಟೆಯ ಕರುಳು ಬದಲಿಸುವುದು ಬೇರೆ ಮಾತು. ಸದ್ಯಕ್ಕೆ ನಮ್ಮ ಮೇಜಿನ ಮೇಲೆ ಅದು ಇಲ್ಲ, ಇಷ್ಟೇ ಹೇಳಿದೆ.

ಇದಕ್ಕಿಂತ ಯೋಚನೆ ಮಾಡಬೇಕಾದ್ದು ದತ್ತಾಂಶ ಯಾರ ಕೈಯಲ್ಲಿ ಸೇರುತ್ತಿದೆ ಅನ್ನುವುದು. ಅಮೆರಿಕದ ದೊಡ್ಡ ಹೂಡಿಕೆ ಕಂಪನಿ ಬ್ಲ್ಯಾಕ್‌ರಾಕ್‌ನ ಅಲಾದಿನ್ ವ್ಯವಸ್ಥೆಯನ್ನೇ ನೋಡಿ. ತಮ್ಮ ಬಾಂಡ್‌ಗಳ ಅಪಾಯ ಅಳೆಯಲು ಮಾಡಿಕೊಂಡಿದ್ದು, ಈಗ ಬೇರೆ ನಿಧಿಗಳೂ ವಿಮಾ ಕಂಪನಿಗಳೂ ದುಡ್ಡು ಕೊಟ್ಟು ಬಳಸುತ್ತವೆ. ಅದೇ ಕಂಪನಿ 2019ರಲ್ಲಿ ಪ್ರೈವೇಟ್ ಹೂಡಿಕೆಯ ಸಾಫ್ಟ್‌ವೇರ್ ಈಫ್ರಂಟನ್ನು 130 ಕೋಟಿ ಡಾಲರ್‌ಗೆ ಕೊಂಡಿತು. 2025ರ ಮಾರ್ಚ್‌ನಲ್ಲಿ ಪ್ರೆಕಿನ್ ಅನ್ನುವ ದತ್ತಾಂಶ ಕಂಪನಿಯನ್ನು 255 ಕೋಟಿ ಪೌಂಡ್‌ಗೆ ತನ್ನದಾಗಿಸಿಕೊಂಡಿತು. ಇಷ್ಟು ಹಣ ಯಾಕೆ ಕೊಡುತ್ತಾರೆ ಅಂದರೆ, ಆ ಪಿಡಿಎಫ್‌ಗಳೊಳಗೆ ಇರುವ ಅಂಕಿ ಬೇರೆಲ್ಲೂ ಸಿಗುವುದಿಲ್ಲ ಅಂತ ತಾನೇ. ನಾವು ಗೊಣಗಿಕೊಂಡು ಟೈಪ್ ಮಾಡುವ ಆ ಅಡಿಟಿಪ್ಪಣಿಗಳಿಗೆ ಅಷ್ಟು ಬೆಲೆ ಇದೆ ಅಂತ ನಮ್ಮ ಮೇಲಿನವರಿಗೂ ಗೊತ್ತಾದರೆ ಸಂಬಳದ ವಿಷಯ ಎತ್ತಬಹುದೇನೋ.

ಎಲ್ಲರೂ ಒಂದೇ ವ್ಯವಸ್ಥೆಯಲ್ಲಿ ಅಪಾಯ ನೋಡಿದರೆ, ಅಪಾಯ ಬಂದಾಗ ಎಲ್ಲರೂ ಒಂದೇ ಬಾಗಿಲಿಗೆ ಓಡುತ್ತಾರಾ? ವ್ಯವಸ್ಥೆ ಬರೀ ಲೆಕ್ಕ ಹಾಕಿಕೊಡುತ್ತದೆ, ನಿರ್ಧಾರ ನಿಧಿಗಳದ್ದೇ ಅಂತ ಮಾರುವವರ ಉತ್ತರ. ಕಾಗದದ ಮೇಲೆ ನಿಜ. ಆದರೆ ಸಮಿತಿಯ ಮುಂದೆ ಕೂತವರಿಗೆ ಗೊತ್ತು, ಪರದೆ ಕೆಂಪು ತೋರಿಸುವಾಗ "ನಾನು ಹಾಗೆ ಅಂದುಕೊಳ್ಳುವುದಿಲ್ಲ" ಅಂತ ಹೇಳಲು ಎಷ್ಟು ಧೈರ್ಯ ಬೇಕು ಅಂತ. ಹಸಿರು ತೋರಿಸುವಾಗ ಹೇಳಲು ಇನ್ನೂ ಜಾಸ್ತಿ ಬೇಕು.

ಡೆಮೊ ಮುಗಿದ ಮೇಲೆ ನಮ್ಮ ಮುಖ್ಯಸ್ಥರು ಕರೆದು ಏನನಿಸಿತು ಅಂತ ಕೇಳಿದರು. ತಗೊಳ್ಳೋಣ ಮೇಡಂ, ಓದಲಿಕ್ಕೆ ಬಿಡೋಣ, ಆದರೆ ಹಣ ಹೊರಡುವ ಮೊದಲು ಇಬ್ಬರು ನೋಡುವ ಪದ್ಧತಿ ಹಾಗೇ ಇರಲಿ ಅಂದೆ. "ಇಬ್ಬರೂ ನೋಡಬೇಕಾದರೆ ಉಳಿತಾಯ ಎಲ್ಲಿ ಬಂತು?" ಅಂತ ಕೇಳಿದರು. ಸರಿಯಾದ ಪ್ರಶ್ನೆಯೇ. ಟೈಪ್ ಮಾಡುವ ಹೊತ್ತು ಉಳಿಯುತ್ತದೆ, ಓದುವ ಹೊತ್ತು ಉಳಿಯಬಾರದು ಅಂದೆ. ಜೊತೆಗೆ ಇನ್ನೊಂದು ಕೇಳಿಕೊಂಡೆ. ಹೊಸದಾಗಿ ಸೇರುವವರು ಮೊದಲ ಆರು ತಿಂಗಳು ನೋಟಿಸ್‌ಗಳನ್ನು ತಾವೇ ಬಿಡಿಸಲಿ, ಆಮೇಲೆ ಯಂತ್ರದ ಉತ್ತರದ ಜೊತೆ ಹೋಲಿಸಲಿ. ಈಚೆಗೆ ಸೇರಿದ ಹುಡುಗಿ ಇದನ್ನು ಕೇಳಿ ಮುಖ ಸಿಂಡರಿಸಿದಳು. ಪಾಪ, ಅವಳಿಗೆ ಇದು ಶಿಕ್ಷೆ ಅನಿಸಿರಬೇಕು. ಮೇಡಂ ಹೂಂ ಅನ್ನಲಿಲ್ಲ, ಉಹುಂ ಅನ್ನಲೂ ಇಲ್ಲ. ಮೂರು ತಿಂಗಳು ಸಾಕಾಗಲ್ವಾ ಅಂದರು.

ಮಾರುವವರು ಡಿಸೆಂಬರ್‌ನಲ್ಲೇ ಶುರು ಮಾಡೋಣ ಅಂತಿದ್ದಾರೆ. ವರ್ಷದ ಕೊನೆಯಲ್ಲಿ ಕಾಲ್‌ಗಳೂ ಡಿಸ್ಟ್ರಿಬ್ಯೂಷನ್‌ಗಳೂ ಒಟ್ಟಿಗೇ ಬಂದು ಬೀಳುತ್ತವೆ, ಆಗ ಬೇಡ ಅಂತ ಇಮೇಲ್ ಹಾಕಿದ್ದೇನೆ. ಜನವರಿಯಲ್ಲಿ, ಮೊದಲು ಹಳೆಯ ನೋಟಿಸ್‌ಗಳ ಮೇಲೆ. ಅಡಿಟಿಪ್ಪಣಿ ಇರುವಂಥವನ್ನು ಈಗಿನಿಂದಲೇ ಆರಿಸಿ ಒಂದು ಫೋಲ್ಡರ್‌ಗೆ ಹಾಕುತ್ತಿದ್ದೇನೆ.